ಅಮ್ಮನ ಮೆಲ್ಬರ್ನ್ ಟಿಕೆಟ್: ಕಾರ್ಡ್ ಪಾಯಿಂಟ್ಸ್ ಮೈಲ್ಸ್ ಮಾಡಿಸಲಾ, ಬಿಲ್ಲಿಗೆ ಹಾಕಿಸಲಾ?

ಹೆಬ್ಬಾಳ ಶಿಫ್ಟ್, ಮೈಸೂರು

ಎಲ್ಲರಿಗೂ ನಮಸ್ಕಾರ. ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ. ಮಾರ್ಚ್ ಎರಡನೇ ವಾರ ಡೆಲಿವರಿ ಅಂತ ಡೇಟ್ ಕೊಟ್ಟಿದ್ದಾರೆ. ಬಾಣಂತನಕ್ಕೆ ಅಮ್ಮ ಹೋಗಬೇಕು, ಫೆಬ್ರವರಿ ಕೊನೆಗೆ ಹೊರಟರೆ ಸಾಕು. ವಾಪಸ್ ಯಾವಾಗ ಅನ್ನೋದು ಮಾತ್ರ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಅಮ್ಮ ಮೂರು ತಿಂಗಳು ಅಂತಾರೆ, ತಂಗಿ ಐದು ತಿಂಗಳಾದರೂ ಇರಲಿ ಅಂತಾಳೆ, ಅಪ್ಪ ಎರಡೇ ತಿಂಗಳು ಸಾಕು ಅಂತಾರೆ (ಅಡುಗೆ ಅವರೇ ಮಾಡಿಕೊಳ್ಳಬೇಕಲ್ಲ).

ನನ್ನ ಕ್ರೆಡಿಟ್ ಕಾರ್ಡಿನಲ್ಲಿ 1,24,000 ಪಾಯಿಂಟ್ಸ್ ಇದೆ. ಮನೆ ರಿಪೇರಿ, ಇನ್ಶೂರೆನ್ಸ್, ಮಗಳ ಸ್ಕೂಲ್ ಫೀಸ್ ಎಲ್ಲಾ ಅದರಲ್ಲೇ ಕಟ್ಟಿದ್ದರಿಂದ ಸೇರಿಕೊಂಡಿದ್ದು. ಬಿಲ್ಲಿಗೆ ಹೊಂದಿಸಿಕೊಂಡರೆ ಬ್ಯಾಂಕ್ ಪಾಯಿಂಟಿಗೆ 25 ಪೈಸೆ ಕೊಡುತ್ತೆ, ಅಂದರೆ 31,000 ರೂಪಾಯಿ. ಅದೇ ಆ್ಯಪ್‌ನಲ್ಲಿ ಏರ್‌ಲೈನ್‌ಗಳ ಪಟ್ಟಿಯೂ ಇದೆ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ಗೆ (ದುಡ್ಡಿನ ಬದಲು ಟಿಕೆಟಿಗೆ ಕೊಡೋ ಮೈಲ್ಸ್ ಸೇರಿಸಿಡೋ ಅವರ ಖಾತೆ) ಎರಡು ಪಾಯಿಂಟಿಗೆ ಒಂದು ಮೈಲ್, ಹಾಗಾಗಿ 62,000 ಮೈಲ್ಸ್ ಆಗುತ್ತೆ. ನನ್ನ ಲೈನ್‌ನಲ್ಲಿರೋ ಗೆಳೆಯ "ಕಣ್ಮುಚ್ಚಿ ಎಲ್ಲಾ ಟ್ರಾನ್ಸ್‌ಫರ್ ಮಾಡು, ಬಿಲ್ಲಿಗೆ ಹಾಕೋರು ದಡ್ಡರು" ಅಂತಾನೆ. ಪಾಯಿಂಟ್ಸ್ ಅರ್ಧಕ್ಕರ್ಧ ಇಳಿಯೋದು ನೋಡಿದರೆ ನನಗೆ ಕೈ ಬರ್ತಿಲ್ಲ. ಅಮ್ಮನಿಗೆ ಇದು ಮೊದಲ ವಿಮಾನ ಪ್ರಯಾಣ. ಯಾರಾದರೂ ಮಾಡಿದವರು ಬಿಡಿಸಿ ಹೇಳ್ತೀರಾ?

ಟಿಕೆಟ್ ಕೌಂಟರ್ ಅಕ್ಕ, ಬೆಂಗಳೂರು

ಇವತ್ತು ಏನೂ ಟ್ರಾನ್ಸ್‌ಫರ್ ಮಾಡಬೇಡಿ. ಸೀಟು ಕಣ್ಣಿಗೆ ಬಿದ್ದ ಮೇಲೆ ಪಾಯಿಂಟ್ಸ್ ಕಳಿಸಬೇಕು. ಕಳಿಸಿಬಿಟ್ಟು ಸೀಟು ಹುಡುಕೋದಲ್ಲ.

ನಾನು ಮದುವೆಗೆ ಮುಂಚಿನಿಂದ ಮೊನ್ನೆಮೊನ್ನೆವರೆಗೂ ಟ್ರಾವೆಲ್ ಏಜೆನ್ಸಿಯ ಟಿಕೆಟಿಂಗ್ ಸೀಟಲ್ಲೇ ಕೂತವಳು. "ಮೇಡಂ, ಮೈಲ್ಸ್ ಇದೆ, ಮಕ್ಕಳಿಗೆ ರಜಾ ಇದೆ, ಯಾವುದಾದರೂ ಫ್ಲೈಟಿಗೆ ಹಾಕಿಕೊಡಿ" ಅಂತ ಬರೋರಲ್ಲಿ ಹೆಚ್ಚಿನವರು ಹಿಂದುಮುಂದು ಮಾಡಿಕೊಂಡೇ ಬರ್ತಿದ್ದರು. ಬ್ಯಾಂಕಿನಿಂದ ಏರ್‌ಲೈನಿಗೆ ಹೋದ ಪಾಯಿಂಟ್ ವಾಪಸ್ ಬರಲ್ಲ. ಅಕ್ಕಿಯಾಗಿದ್ದಾಗ ದೋಸೆಗಾದರೂ ನೆನೆಹಾಕಬಹುದು, ಅನ್ನ ಆದಮೇಲೆ ಆಯ್ತಲ್ಲ, ಅವತ್ತೇ ಉಣ್ಣಬೇಕು.

ವಿಮಾನದಲ್ಲಿ ಜಾಗ ಖಾಲಿ ಇದ್ದಮಾತ್ರಕ್ಕೆ ಅದು ಮೈಲ್ಸ್‌ಗೆ ಸಿಗುತ್ತೆ ಅಂತಲೂ ಅಲ್ಲ. ಎಕಾನಮಿ ಸೀಟೆಲ್ಲ ನೋಡೋಕೆ ಒಂದೇ ಥರ ಇದ್ದರೂ ನಮ್ಮ ಸ್ಕ್ರೀನಿನಲ್ಲಿ ಅವು ವೈ, ಬಿ, ಎಂ ಅಂತ ಅಕ್ಷರಗಳಾಗಿ ಹಂಚಿಹೋಗಿರುತ್ತವೆ. ಮೈಲ್ಸ್‌ನ ಕಡಿಮೆ ದರದ ಎಕಾನಮಿ ಸೀಟು ಎಕ್ಸ್ ಅನ್ನೋ ಅಕ್ಷರದಲ್ಲಿ ಬರುತ್ತೆ. ಏರ್‌ಲೈನ್ ಎಕ್ಸ್‌ನಲ್ಲಿ ಎರಡು ಇಟ್ಟರೆ ಎರಡು, ಸೊನ್ನೆ ಇಟ್ಟರೆ ಸೊನ್ನೆ, ಹಿಂದಿನ ಸಾಲೆಲ್ಲ ಖಾಲಿ ಹೋದರೂ ಅಷ್ಟೇ. ಕ್ರಿಸ್‌ಫ್ಲೈಯರ್‌ನಲ್ಲಿ ಇದಕ್ಕೆ ಸೇವರ್ ಅಂತಾರೆ. ಅಡ್ವಾಂಟೇಜ್ ಅಂತ ಇನ್ನೊಂದಿದೆ, ಅದು ಸುಲಭವಾಗಿ ಸಿಗುತ್ತೆ, ಆದರೆ ಮೈಲ್ಸ್ ತುಂಬಾ ಜಾಸ್ತಿ ಕೇಳುತ್ತೆ. ನಿಮ್ಮ 62,000ಕ್ಕೆ ಸೇವರ್ ಬಿಟ್ಟು ಬೇರೆ ಕಡೆ ನೋಡಲೇಬೇಡಿ. ವೇಟ್‌ಲಿಸ್ಟ್ ಅಂತ ಕಂಡರೆ ಸೀಟಿಲ್ಲ ಅಂತಲೇ ಓದಿಕೊಳ್ಳಿ. ರೈಲಿನ ಆರ್‌ಎಸಿ ಥರ ಹತ್ತಿಸಿಕೊಳ್ಳೋ ಪದ್ಧತಿ ಇಲ್ಲಿಲ್ಲ.

ಕ್ರಿಸ್‌ಫ್ಲೈಯರ್ ಖಾತೆ ಪುಕ್ಕಟೆ, ಇವತ್ತೇ ತೆರೆಯಿರಿ. ಖಾತೆಯಲ್ಲಿ ಒಂದು ಮೈಲೂ ಇಲ್ಲದಿದ್ದರೂ ಬೆಂಗಳೂರು–ಮೆಲ್ಬರ್ನ್ ಹಾಕಿ ಮೈಲ್ಸ್ ಟಿಕೆಟ್ ಹುಡುಕಬಹುದು. ಸೀಟುಗಳನ್ನು ಸುಮಾರು 355 ದಿನ ಮುಂಚೆಯೇ ಬಿಡ್ತಾರೆ, ಹಾಗಾಗಿ ಫೆಬ್ರವರಿಯದ್ದು ಈಗ ಕಾಣಿಸಬೇಕು.

ಖಾತೆ ತೆರೆಯುವಾಗ ಹೆಸರಿನ ಗೋಳು ನೋಡಿಕೊಳ್ಳಿ. ನಮ್ಮ ಕಡೆ ಕಾರ್ಡಿನಲ್ಲಿ ಹೆಚ್.ಎಸ್. ಅಂತ ಎರಡು ಅಕ್ಷರ ಇರುತ್ತೆ, ಪಾಸ್‌ಪೋರ್ಟಿನಲ್ಲಿ ಹೊಳೆನರಸೀಪುರ ಪೂರ್ತಿ ಬಂದು ಕೂತಿರುತ್ತೆ. ಬ್ಯಾಂಕ್ ಕಾರ್ಡುದಾರರ ಸ್ವಂತ ಹೆಸರಿನ ಖಾತೆಗೇ ಪಾಯಿಂಟ್ಸ್ ಕಳಿಸೋದು. ಹೆಸರು ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಖಾತೆ ಪಾಸ್‌ಪೋರ್ಟಿನಂತೆ ಇರಲಿ, ಬ್ಯಾಂಕ್ ದಾಖಲೆಯಲ್ಲಿ ಬೇರೆ ಇದ್ದರೆ ಫೋನ್ ಮಾಡಿ ಮೊದಲು ಅದನ್ನು ಸರಿಮಾಡಿಸಿ. ಅಮ್ಮನ ಹೆಸರಲ್ಲಿ ಖಾತೆ ತೆರೆದು ನಿಮ್ಮ ಪಾಯಿಂಟ್ಸ್ ಅಲ್ಲಿಗೆ ಕಳಿಸೋ ಯೋಚನೆ ಇದ್ದರೆ ಬಿಡಿ. ನಿಮ್ಮ ಖಾತೆಯಲ್ಲೇ ನಾಮಿನಿ ಅಂತ, ಅಂದರೆ ನಿಮ್ಮ ಮೈಲ್ಸ್‌ನಲ್ಲಿ ಟಿಕೆಟ್ ಮಾಡಿಸಬಹುದಾದವರು ಅಂತ, ಐದು ಜನರನ್ನು ಸೇರಿಸಬಹುದು, ಅಮ್ಮನನ್ನು ಅವರ ಪಾಸ್‌ಪೋರ್ಟ್ ಹೆಸರಿನಲ್ಲಿ ಅಲ್ಲಿ ಸೇರಿಸಿ. ಸುಮ್ಮನೆ ನೆಂಟರಿಷ್ಟರನ್ನೆಲ್ಲ ತುಂಬಿಸಬೇಡಿ, ಆಮೇಲೆ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಹಾಕೋಕೆ ಶುಲ್ಕ ಕೇಳ್ತಾರೆ.

ಈಗ ಲೆಕ್ಕ. ಉದಾಹರಣೆಗೆ ಅಮ್ಮ ಹೋಗೋ ದಿನ ಒನ್‌ವೇ ಟಿಕೆಟ್ ದುಡ್ಡಿಗೆ 42,000 ರೂಪಾಯಿ ಅಂತಿಟ್ಟುಕೊಳ್ಳಿ. ಮೈಲ್ಸ್‌ನಲ್ಲಿ ಮಾಡಿಸಿದರೆ 40,000 ಮೈಲ್ಸ್, ಮೇಲೆ ತೆರಿಗೆ 6,000. ಅಂದರೆ ಮೈಲ್ಸ್ ನಿಮಗೆ ಉಳಿಸಿದ್ದು 36,000. ಅದಕ್ಕೆ ಖರ್ಚಾದದ್ದು 80,000 ಪಾಯಿಂಟ್ಸ್. ಭಾಗಿಸಿದರೆ ಪಾಯಿಂಟಿಗೆ 45 ಪೈಸೆ. ಬ್ಯಾಂಕ್ ಕೊಡೋದು 25. ಇಂಥ ಅಂತರ ಸಿಕ್ಕರೆ ಟ್ರಾನ್ಸ್‌ಫರ್ ಮಾಡಿ. ನಿಮ್ಮ ಸ್ಕ್ರೀನಿನಲ್ಲಿ ಬರೋ ನಿಜವಾದ ಅಂಕಿ ಹಾಕಿದಾಗ 28, 30 ಪೈಸೆ ಬಂದರೆ ಬಿಲ್ಲಿಗೇ ಹಾಕಿಸಿ ನೆಮ್ಮದಿಯಾಗಿರಿ, ದಡ್ಡರೇನೂ ಆಗಲ್ಲ. ಪಾಯಿಂಟ್ಸ್ ಅರ್ಧ ಆಗೋದಕ್ಕೆ ಹೆದರಬೇಡಿ. ಎಷ್ಟು ಮೈಲ್ಸ್ ಅನ್ನೋದಲ್ಲ, ಆ ಮೈಲ್ಸ್ ಎಷ್ಟು ರೂಪಾಯಿ ಟಿಕೆಟ್ ತಂದುಕೊಡುತ್ತೆ ಅನ್ನೋದು ನೋಡಿ. ಟ್ರಾನ್ಸ್‌ಫರ್ ಶುಲ್ಕ, ಅದರ ಮೇಲೆ ಜಿಎಸ್‌ಟಿ ಇದ್ದರೆ ಅದನ್ನೂ ಕಳೆಯಿರಿ.

ನಿಮ್ಮ ವಿಷಯದಲ್ಲಿ ನನಗೆ ಮೈಲ್ಸ್ ಕಡೆ ಮನಸ್ಸು ವಾಲೋದು ಪೈಸೆ ಲೆಕ್ಕಕ್ಕಿಂತ ಹೆಚ್ಚಾಗಿ ವಾಪಸ್ ದಿನ ಗೊತ್ತಿಲ್ಲ ಅಂದಿರಲ್ಲ, ಅದಕ್ಕೆ. ದುಡ್ಡು ಕೊಟ್ಟು ಒನ್‌ವೇ ತಗೊಂಡರೆ ಎಷ್ಟೋ ಸಲ ಹೋಗಿಬರೋ ಟಿಕೆಟಿನ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತೆ. ಹೋಗಿಬರೋದು ತಗೊಂಡರೆ ವಾಪಸ್ ದಿನ ಬದಲಾಯಿಸೋಕೆ ದಂಡ, ಮೇಲೆ ದರದ ವ್ಯತ್ಯಾಸ. ಬಾಣಂತನಕ್ಕೆ ಹೊರಟ ಅಮ್ಮಂದಿರ ಟಿಕೆಟ್ಟು ಎಷ್ಟು ಮಾಡಿಸಿದೀನೋ, ಅದರಲ್ಲಿ ವಾಪಸ್ ದಿನ ಬದಲಾಗದೇ ಇದ್ದದ್ದು ನನಗೆ ನೆನಪೇ ಇಲ್ಲ. ಕ್ರಿಸ್‌ಫ್ಲೈಯರ್‌ನಲ್ಲಿ ಒಂದು ಕಡೆಗೆ ಸರಿಯಾಗಿ ಅರ್ಧ ಮೈಲ್ಸ್. ಹೋಗೋದಕ್ಕೆ ಈಗ, ಬರೋದಕ್ಕೆ ಮಗುವಿಗೆ ಹೆಸರಿಟ್ಟ ಮೇಲೆ ನಿಧಾನವಾಗಿ.

ಇನ್ನೊಂದು, ಸಿಂಗಪುರ್ ಏರ್‌ಲೈನ್ಸ್ 2017ರಲ್ಲಿ ತನ್ನ ಸ್ವಂತ ವಿಮಾನಗಳ ಮೈಲ್ಸ್ ಟಿಕೆಟಿಗೆ ಇಂಧನ ಸರ್‌ಚಾರ್ಜ್ ತೆಗೆದುಹಾಕಿತು. ಎಲ್ಲ ಏರ್‌ಲೈನೂ ಹೀಗಲ್ಲ. ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್ ಅನ್ನೋ ಮೈಲ್ಸ್‌ನಲ್ಲಿ ಲಂಡನ್ನಿಗೆ ಹೋಗೋರು ಮೈಲ್ಸ್ ಕೊಟ್ಟಮೇಲೂ ಕಟ್ಟೋ ಮೊತ್ತ ನೋಡಿ ಬೆಚ್ಚಿಬೀಳ್ತಾರೆ. "ಫ್ರೀ ಟಿಕೆಟ್" ಅನ್ನೋ ಮಾತನ್ನ ನಾನು ನಂಬೋದು ಕಡೇ ಪೇಮೆಂಟ್ ಪುಟ ನೋಡಿದ ಮೇಲೆ ಮಾತ್ರ.

ಕೊಪ್ಪೀಕರ ರೋಡ್, ಹುಬ್ಬಳ್ಳಿ

ಅಕ್ಕಾರು ಹೇಳಿದ್ದು ಖರೆ ಐತ್ರಿ, ಆದ್ರ ನಾ ಸ್ವಲ್ಪ ಉಲ್ಟಾ ಹೇಳ್ತೀನಿ. ನಂದು ಅರಿವೆ ಅಂಗಡಿ, ಸೂರತ್ ಪಾರ್ಟಿಗೆ ಪೇಮೆಂಟ್ ಎಲ್ಲಾ ಕಾರ್ಡ್ ಮ್ಯಾಲೆ ಮಾಡಾಂವ. ಪಾಯಿಂಟ್ ಬಂದ ತಿಂಗಳ ಬಿಲ್‌ನ್ಯಾಗ ಕಡಿಮಿ ಮಾಡಿಸ್ಕೊಂಡು ಬಿಡ್ತೀನಿ. ಯಾಕಂದ್ರ ವಿಮಾನ ಕಂಪನಿ ಭರವಸೆ ಏನೈತ್ರಿ? ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕ ನಿಂತೇ ಹೋತು. ಅದರ ಮೈಲ್ಸ್ ಸ್ಕೀಮು ಜೆಟ್‌ಪ್ರಿವಿಲೇಜ್ ಅದೇ ವರ್ಷ ಇಂಟರ್‌ಮೈಲ್ಸ್ ಅಂತ ಹೆಸರು ಬದಲ್ ಮಾಡ್ಕೊಂಡ್ತು. ಮೈಲ್ಸ್ ಉಳೀತು ಅಂದ್ರೂ, ಹಾರಾಕ ಆ ವಿಮಾನ ಎಲ್ಲಿತ್ತು? ರೊಕ್ಕ ಕೈಯಾಗಿದ್ರ ಯಾವ ಕೌಂಟರಿಗೆ ಬೇಕಾದ್ರೂ ಹೋಗಬಹುದು. ಈ ತಮ್ಮ ಮೈಸೂರಾಂವ, ಮೊದಲನೇ ಸಲ. 31,000 ಬಿಲ್‌ನ್ಯಾಗ ಹೊಡಸ್ಕೊಂಡು ಅವ್ವಾರಿಗೆ ಒಳ್ಳೆ ಟಿಕೆಟ್ ತಗೀಲಿ. ಈ ಎಕ್ಸು ವೈ ಎಲ್ಲಾ ನೋಡ್ಕೋತ ಕುಂದ್ರೋದು ಯಾಕ್ರಿ?

ಟಿಕೆಟ್ ಕೌಂಟರ್ ಅಕ್ಕ, ಬೆಂಗಳೂರು

ಹುಬ್ಬಳ್ಳಿಯವರೇ, ಕೂಡಿಟ್ಟುಕೊಳ್ಳೋ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಮೈಲ್ಸ್ ಆಸ್ತಿ ಅಲ್ಲ. ಎಷ್ಟು ಮೈಲ್ಸಿಗೆ ಟಿಕೆಟ್ ಅನ್ನೋ ಪಟ್ಟಿಯನ್ನು ಏರ್‌ಲೈನ್ ತನಗೆ ಬೇಕಾದಾಗ ಬದಲಾಯಿಸುತ್ತೆ. ಆದರೆ ಎಲ್ಲ ಕಥೆಯೂ ಜೆಟ್ ಥರ ಮುಗಿಯಲ್ಲ. ವಿಸ್ತಾರ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾ ಜೊತೆ ಸೇರಿದಾಗ ಕ್ಲಬ್ ವಿಸ್ತಾರ ಪಾಯಿಂಟ್ಸ್ ಒಂದಕ್ಕೊಂದರಂತೆ ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೆ ಹೋಯ್ತು. ಅಲ್ಲದೆ ಈ ತಮ್ಮ ಕೂಡಿಡೋಕೆ ಹೊರಟಿಲ್ಲ. ಸೀಟು ನೋಡಿ, ಕಳಿಸಿ, ಬಂದ ದಿನವೇ ಬುಕ್ ಮಾಡ್ತಾರೆ. ಅಷ್ಟರಲ್ಲಿ ಸಿಂಗಪುರ್ ಏರ್‌ಲೈನ್ಸ್ ಎಲ್ಲಿಗೂ ಓಡಿಹೋಗಲ್ಲ.

ಯಾರಾ ದಂಡೆ, ಮೆಲ್ಬರ್ನ್

ಇಲ್ಲಿಂದ ಎರಡು ಮಾತು. ವಾಪಸ್ ಬರೋ ಟಿಕೆಟಿಗೆ ತೆರಿಗೆ ಜಾಸ್ತಿ ಕಂಡರೆ ಗಾಬರಿ ಬೇಡ. ಆಸ್ಟ್ರೇಲಿಯಾ ಬಿಟ್ಟು ಹೊರಡೋರಿಗೆ ಪ್ಯಾಸೆಂಜರ್ ಮೂವ್‌ಮೆಂಟ್ ಚಾರ್ಜ್ ಅಂತ ಇದೆ, 2024ರ ಜುಲೈನಿಂದ 70 ಆಸ್ಟ್ರೇಲಿಯನ್ ಡಾಲರ್. ಮೈಲ್ಸ್ ಟಿಕೆಟ್ ಆದರೂ ಟಿಕೆಟಿನ ಜೊತೆಗೇ ಕಟ್ಟಿಸಿಕೊಳ್ತಾರೆ.

ಒನ್‌ವೇ ಒಳ್ಳೆಯದೇ, ಆದರೆ ಸಂದರ್ಶಕ ವೀಸಾದಲ್ಲಿ ಬರೋರನ್ನು ಚೆಕ್‌ಇನ್‌ನಲ್ಲೋ ಇಲ್ಲಿ ಇಳಿದ ಮೇಲೋ "ವಾಪಸ್ ಯಾವಾಗ?" ಅಂತ ಕೇಳಬಹುದು. ಅಮ್ಮನ ಕೈಯಲ್ಲಿ ತಂಗಿಯ ವಿಳಾಸ, ಫೋನ್ ನಂಬರ್, ವೀಸಾ ಪ್ರತಿ, ಡೆಲಿವರಿ ಡೇಟಿನ ಆಸ್ಪತ್ರೆ ಪತ್ರ ಇರಲಿ. ವೀಸಾದಲ್ಲಿ ಒಂದು ಸಲಕ್ಕೆ ಎಷ್ಟು ತಿಂಗಳು ಇರಬಹುದು ಅಂತ ಬರೆದಿರುತ್ತೆ, ವಾಪಸ್ ಸೀಟು ಅದರೊಳಗೇ ಹುಡುಕಬೇಕು. ಜೂನ್ ಕೊನೆಯಿಂದ ಜುಲೈವರೆಗೆ ಇಲ್ಲಿ ಶಾಲೆಗೆ ಚಳಿಗಾಲದ ರಜೆ, ಊರಿಗೆ ಹೋಗೋ ಸಂಸಾರಗಳು ಜಾಸ್ತಿ.

ಅಮ್ಮ ಅಂಟಿನುಂಡೆ, ಮೆಣಸಿನ ಸಾರಿನ ಪುಡಿ, ಬಾಣಂತಿ ಔಷಧಿ ಕಟ್ಟಿಕೊಳ್ಳದೆ ಬರಲ್ಲ ಅಂತ ನನಗೆ ಗೊತ್ತು. ತಿನ್ನೋ ವಸ್ತು, ಬೀಜ, ಬೇರು ಏನೇ ಇದ್ದರೂ ಆಗಮನದ ಕಾರ್ಡಿನಲ್ಲಿ ಹೌದು ಅಂತ ಗುರುತು ಹಾಕಿಸಿ. ತೋರಿಸಿದರೆ ಹೆಚ್ಚೆಂದರೆ ತೆಗೆದು ಬಿಸಾಕ್ತಾರೆ, ಮುಚ್ಚಿಟ್ಟರೆ ದಂಡ ದೊಡ್ಡದು.

ಹೆಬ್ಬಾಳ ಶಿಫ್ಟ್, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಖಾತೆ ತೆರೆದೆ. ಅಕ್ಕ ಹೇಳಿದ ಹಾಗೆಯೇ ನನ್ನ ಇನಿಷಿಯಲ್ ಬೇರೆ ಬೇರೆ ಇತ್ತು, ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದೀನಿ. ಫೆಬ್ರವರಿ ಕೊನೇ ವಾರ ಶುಕ್ರವಾರ, ಶನಿವಾರ ವೇಟ್‌ಲಿಸ್ಟ್ ತೋರಿಸ್ತಿದೆ, ಮಂಗಳವಾರ ಮತ್ತು ಗುರುವಾರ ಸೇವರ್ ಇದೆ. ನಿಜವಾದ ಅಂಕಿ ಹಾಕಿ ಭಾಗಿಸಿದರೆ 40 ಪೈಸೆ ಮೇಲೇ ಬರ್ತಿದೆ. ಈಗ ಎರಡು ಅನುಮಾನ. ಹೋಗೋದಕ್ಕೆ ಬೇಕಾದಷ್ಟೇ ಕಳಿಸಲಾ, ಒಂದೇ ಸಲ ಎಲ್ಲಾ ಕಳಿಸಲಾ? ಡೆಲಿವರಿ ಮುಂಚೆನೇ ಆಗಿಬಿಟ್ಟರೆ ಟಿಕೆಟ್ ಏನಾಗುತ್ತೆ?

ಟಿಕೆಟ್ ಕೌಂಟರ್ ಅಕ್ಕ, ಬೆಂಗಳೂರು

ಹೋಗೋದಕ್ಕೆ ಬೇಕಾದಷ್ಟೇ ಕಳಿಸಿ. ಬ್ಯಾಂಕ್ ಇಂತಿಷ್ಟರ ಗುಣಕದಲ್ಲೇ ಕಳಿಸೋದಾದರೆ ಹತ್ತಿರದ ಮೇಲಿನ ಅಂಕಿಗೆ ಹೋಗಿ. ಕ್ರಿಸ್‌ಫ್ಲೈಯರ್ ಮೈಲ್ಸಿಗೆ 36 ತಿಂಗಳ ಆಯಸ್ಸು, ಖಾತೆ ಬಳಸ್ತಾ ಇದ್ದರೂ ತಾನಾಗಿ ಮುಂದಕ್ಕೆ ಹೋಗಲ್ಲ. ವಾಪಸ್ ಹೊತ್ತಿಗೆ ಏರ್ ಇಂಡಿಯಾದಲ್ಲೇ ದುಡ್ಡಿಗೆ ಅಗ್ಗ ಸಿಕ್ಕರೆ, ಬ್ಯಾಂಕಿನಲ್ಲಿ ಉಳಿದ ಪಾಯಿಂಟ್ಸ್ ಬಿಲ್ಲಿಗೆ ಹಾಕಿಸಿ ಆ ಟಿಕೆಟ್ಟೇ ತಗೋಬಹುದು.

ಮಗು ಡಾಕ್ಟರ್ ಕೊಟ್ಟ ಡೇಟ್ ಓದಿಕೊಂಡು ಬರಲ್ಲ, ಸರಿ. ಸೇವರ್ ಟಿಕೆಟಿನ ದಿನ ಬದಲಾಯಿಸಬಹುದು, ಆದರೆ ಹೊಸ ದಿನದಲ್ಲೂ ಸೇವರ್ ಸೀಟು ಇರಬೇಕು. ಪೂರ್ತಿ ರದ್ದು ಮಾಡಿದರೆ ಶುಲ್ಕ ಹಿಡಿದುಕೊಂಡು ಮೈಲ್ಸ್ ಕ್ರಿಸ್‌ಫ್ಲೈಯರ್ ಖಾತೆಗೆ ಹಾಕ್ತಾರೆ, ಬ್ಯಾಂಕಿಗಲ್ಲ. ಹಾಗಾಗಿ ಮಂಗಳವಾರ, ಗುರುವಾರ ಎರಡೂ ಇದ್ದರೆ ಮಂಗಳವಾರದ್ದೇ ಹಿಡಿಯಿರಿ. ಸಾಧ್ಯವಾದರೆ ಅದಕ್ಕೂ ಹಿಂದಿನ ವಾರದ್ದು ನೋಡಿ. ಮೊದಲ ಹೆರಿಗೆ ಆದರೆ ಅಮ್ಮ ಹತ್ತು ದಿನ ಮುಂಚೆ ಅಲ್ಲಿರೋದು ಯಾರಿಗೂ ಭಾರ ಅಲ್ಲ.

ಇನಿಷಿಯಲ್ ಸರಿಯಾದ ಸಂದೇಶ ಬರೋವರೆಗೂ ಟ್ರಾನ್ಸ್‌ಫರ್ ಒತ್ತಬೇಡಿ. ಒತ್ತಿದ ಮೇಲೆ ಮೈಲ್ಸ್ ಬರೋಕೆ ಕೆಲವು ಬ್ಯಾಂಕಿಗೆ ನಿಮಿಷ ಸಾಕು, ಕೆಲವಕ್ಕೆ ದಿನಗಳೇ ಬೇಕು. ವಾರದ ಮೊದಲಲ್ಲೇ ಮಾಡಿ, ಶನಿವಾರ ಸಂಜೆ ಮಾಡಿ ಸೋಮವಾರದವರೆಗೂ ಉಗುರು ಕಚ್ಚಿಕೊಂಡು ಕೂರಬೇಡಿ. ಗುರುವಾರದ ಸೀಟೂ ಇರೋದರಿಂದ ಒಂದು ಹೋದರೆ ಇನ್ನೊಂದಿರುತ್ತೆ.

ಬುಕ್ ಆದ ತಕ್ಷಣ ಅದೇ ಸೈಟಿನಲ್ಲಿ ಅಮ್ಮನಿಗೆ ವೀಲ್‌ಚೇರ್ ಸಹಾಯ ಕೇಳಿ. ಅದಕ್ಕೆ ದುಡ್ಡಿಲ್ಲ, ಮೈಲ್ಸ್ ಟಿಕೆಟಿಗೂ ಸಿಗುತ್ತೆ. ನಡೆಯೋಕಾಗಲ್ಲ ಅಂತಲ್ಲ, ವಿಮಾನ ಬದಲಾಯಿಸೋ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ಇಳಿದ ಮೇಲೆ ಮುಂದಿನ ಗೇಟಿಗೆ ಅವರೇ ಕರೆದುಕೊಂಡು ಹೋಗ್ತಾರೆ, ಇಂಗ್ಲಿಷ್ ಬೋರ್ಡ್ ಓದ್ತಾ ಅಲೆಯೋದು ತಪ್ಪುತ್ತೆ. ವೆಜ್ ಊಟಕ್ಕೂ ಅವಾಗಲೇ ಗುರುತು ಹಾಕಿ. ಏಷ್ಯನ್ ವೆಜಿಟೇರಿಯನ್ ಅಂತ ಇರೋದನ್ನು ಆರಿಸಿ, ಬರೀ ವೆಜಿಟೇರಿಯನ್ ಅಂತ ಇರೋದಕ್ಕೆ ಒತ್ತಿದರೆ ಬೇಯಿಸಿದ ತರಕಾರಿ, ಬನ್ನು ತಂದಿಡ್ತಾರೆ.