ಪದಚರ್ಚೆ: ಕುದಿಸದೆ ಹಿಂಡಿ ತೆಗೆದ ಸೊಪ್ಪಿನ ನೀರಿಗೆ ‘ಕಷಾಯ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಲೇರಿಯಾ ಔಷಧ ಆರ್ಟೆಮಿಸಿನಿನ್ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಮೂರು ದಿನದಿಂದ ನಿಂತಿದ್ದೇನೆ. ನಿಮ್ಮ ಸಹಾಯ ಬೇಕು.

ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. 1967ರ ಮೇ 23ರಂದು ಚೀನಾ ಸರ್ಕಾರ ಮಲೇರಿಯಾಕ್ಕೆ ಹೊಸ ಮದ್ದು ಹುಡುಕಲು ಗುಟ್ಟಾಗಿ ಒಂದು ಯೋಜನೆ ಶುರುಮಾಡಿತು. ಆ ತಾರೀಖಿನಿಂದಲೇ ಅದಕ್ಕೆ ‘523’ ಎಂದು ಹೆಸರು. 1969ರಲ್ಲಿ ಬೀಜಿಂಗಿನ ತು ಯೂಯೂ ಈ ಕೆಲಸಕ್ಕೆ ಸೇರಿದರು. ಅವರು ಕಾಲೇಜಿನಲ್ಲಿ ಓದಿದ್ದು ಔಷಧ ವಿಜ್ಞಾನ. ಆಮೇಲೆ ಎರಡೂವರೆ ವರ್ಷ ಚೀನೀ ಪಾರಂಪರಿಕ ವೈದ್ಯವನ್ನೂ ಕಲಿತಿದ್ದರು. ಹಳೆಯ ಮದ್ದುಗಳನ್ನೆಲ್ಲ ಜಾಲಾಡಿದಾಗ ಚಿಂಗ್‌ಹಾವ್ ಎಂಬ ಗಿಡ ಕೈಗೆ ಸಿಕ್ಕಿತು. ಆದರೆ ಅದರ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಮತ್ತೊಮ್ಮೆ ಮಾಡುತ್ತಿರಲಿಲ್ಲ.

ಆಗ ಅವರು 4ನೇ ಶತಮಾನದ ವೈದ್ಯ ಗೆ ಹೊಂಗ್ ಬರೆದ ಒಂದು ಸಾಲಿಗೆ ಮರಳಿದರು. ಅದರ ಅರ್ಥ ಇಷ್ಟೇ: ಒಂದು ಹಿಡಿ ಚಿಂಗ್‌ಹಾವ್, ಎರಡು ಷೆಂಗ್ (ಹಳೆಯ ಚೀನೀ ಅಳತೆ) ನೀರಿನಲ್ಲಿ ನೆನೆಸಿ, ಹಿಂಡಿ ರಸ ತೆಗೆದು, ಪೂರ್ತಿ ಕುಡಿ.

ಕುದಿಸು ಎಂಬ ಮಾತೇ ಇಲ್ಲ! ಚೀನೀ ಮದ್ದುಗಳನ್ನು ಸಾಮಾನ್ಯವಾಗಿ ಕುದಿಸಿಯೇ ಕುಡಿಯುವುದು. ಬಿಸಿಗೆ ಗುಣ ಕೆಡುತ್ತಿದೆಯೇನೋ ಎಂದು ತು ಅವರಿಗೆ ಹೊಳೆದದ್ದು ಇಲ್ಲಿಯೇ. ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರವ ಬಳಸಿ, ಜಾಸ್ತಿ ಬಿಸಿ ತಾಗಿಸದೆ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೇ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಳಿಸಿತು. ಮುಂದಿನ ವರ್ಷ ಅವರೂ ಇಬ್ಬರು ಸಹೋದ್ಯೋಗಿಗಳೂ ಆಸ್ಪತ್ರೆಯಲ್ಲಿ ದಾಖಲಾಗಿ, ಮೊದಲು ತಾವೇ ಆ ಮದ್ದು ಕುಡಿದು ನೋಡಿದರು. ಆಮೇಲೆ ಹೈನಾನ್ ದ್ವೀಪದಲ್ಲಿ 21 ರೋಗಿಗಳಿಗೆ ಕೊಟ್ಟರು. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ನನ್ನ ತೊಡಕು. ಮೊದಲ ಕರಡಿನಲ್ಲಿ ಸಲೀಸಾಗಿ ‘ಚಿಂಗ್‌ಹಾವ್ ಕಷಾಯ’ ಎಂದು ಬರೆದಿದ್ದೆ. ಮತ್ತೆ ಓದಿದಾಗ ಎದೆ ಧಸಕ್ಕೆಂದಿತು. ಕಷಾಯ ಎಂದಕೂಡಲೇ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಒಲೆಯ ಮೇಲೆ ಕುದಿಯುವ ಪಾತ್ರೆ, ಅಲ್ವಾ? ಶುಂಠಿ, ಮೆಣಸು, ಜೀರಿಗೆ ಹಾಕಿ ಕುದಿಸಿ, ಬತ್ತಿಸಿ, ಸೋಸಿದ್ದು. ಕುದಿಸದೇ ಇದ್ದದ್ದರಿಂದ ಸಿಕ್ಕ ಔಷಧವನ್ನು ಆ ಒಂದು ಪದ ಮತ್ತೆ ಒಲೆಯ ಮೇಲಿಟ್ಟುಬಿಡುತ್ತದೆ.

ಆಯುರ್ವೇದ ಬಲ್ಲವರು ತಕರಾರು ತೆಗೆಯಬಹುದು. ಅವರ ಲೆಕ್ಕದಲ್ಲಿ ಕಷಾಯ ಐದು ಬಗೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಕುದಿಸುವುದು ಕ್ವಾಥ ಮಾತ್ರ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಸೋಸಿದ್ದು ಹಿಮ. ಆ ಅರ್ಥದಲ್ಲಿ ‘ಕಷಾಯ’ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಶಾಸ್ತ್ರದ ಅರ್ಥ ಬೇರೆ, ಮನೆಮಾತಿನ ಅರ್ಥ ಬೇರೆ. ಮಕ್ಕಳಿಗೆ ಬರೆಯುವಾಗ ಮನೆಮಾತೇ ಗೆಲ್ಲಬೇಕು. ‘ಹಿಮ’ ಎಂದು ಬರೆದರಂತೂ ಅವರು ಹಿಮಾಲಯಕ್ಕೇ ಹೋಗುತ್ತಾರೆ. ‘ಸ್ವರಸ’ವೂ ಕೂರುವುದಿಲ್ಲ. ಅದು ಹಸಿ ಸೊಪ್ಪನ್ನು ಜಜ್ಜಿ ಹಿಂಡಿದ ರಸ, ನೆನೆಸಿದ್ದಲ್ಲ.

ನನಗೆ ತೋಚಿದ್ದು ಅಡುಗೆಮನೆಯ ಮಾತು. ಹುಣಸೆಹಣ್ಣನ್ನು ನೆನೆಹಾಕಿ, ಕಿವುಚಿ, ರಸ ತೆಗೆಯುತ್ತೇವೆ. ‘ಕಿವುಚು’ ಎಷ್ಟು ಚಂದದ ಪದ! ನೀರು, ಬೆರಳು, ಒತ್ತಡ ಎಲ್ಲವೂ ಅದರಲ್ಲಿದೆ. ಆದರೆ ಮೂಲದಲ್ಲಿರುವ ಕ್ರಿಯೆ ಒದ್ದೆ ಬಟ್ಟೆಯನ್ನು ತಿರುಚಿ ಹಿಂಡುವಂಥದ್ದು. ಹಾಗಾಗಿ ‘ನೆನೆಸಿ ಹಿಂಡಿದ ರಸ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಮೂರು ಪದ ಆಯಿತು. ಒಂದೇ ಪದ ಸಿಕ್ಕರೆ ಪಾಠ ಮಾಡುವವರಿಗೂ ಸುಲಭ.

ಗಿಡದ ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮ ದವನ, ಮಾಚಿಪತ್ರೆ ಎರಡೂ ಚಿಂಗ್‌ಹಾವ್‌ನಂತೆ ಆರ್ಟೆಮಿಸಿಯಾ ಕುಲದವು. ‘ಚೀನೀ ಮಾಚಿಪತ್ರೆ’ ಅನ್ನೋಣ ಎಂದು ಗೆಳೆಯರೊಬ್ಬರು ಹೇಳಿದರು. ನನಗೆ ಭಯ. ಇದು ಆರ್ಟೆಮಿಸಿಯಾ ಆನುವಾ, ಬೇರೆಯೇ ಜಾತಿ. ಯಾರಾದರೂ ಓದಿ, ಜ್ವರ ಬಂದಾಗ ಹಿತ್ತಲಿನ ಮಾಚಿಪತ್ರೆ ಹಿಂಡಿ ಕುಡಿದು ಸುಮ್ನೆ ಕೂತರೆ? ಚೀನಾದಲ್ಲೇ ಈ ಗೊಂದಲ ಇದೆ. ಅಲ್ಲಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಚಿಂಗ್‌ಹಾವ್ ಎಂಬ ಹೆಸರು ಆರ್ಟೆಮಿಸಿನಿನ್ ಇಲ್ಲದ ಇನ್ನೊಂದು ಗಿಡಕ್ಕೆ ಹೋಗಿದೆ! ಹಾಗಾಗಿ ಚಿಂಗ್‌ಹಾವ್ ಎಂದೇ ಉಳಿಸಿ, ಮೊದಲ ಸಲ ಬರುವಾಗ ಸಸ್ಯಶಾಸ್ತ್ರದ ಹೆಸರನ್ನೂ ಜೊತೆಗೆ ಕೊಡುತ್ತೇನೆ.

ರೋಗದ ಹೆಸರು ಮಾತ್ರ ನಮ್ಮಲ್ಲಿ ಸರಿಯಾಗಿ ಸಿಕ್ಕಿತು. ಗೆ ಹೊಂಗ್ ಕಾಲಕ್ಕೆ ಮಲೇರಿಯಾದ ರೋಗಾಣು ಯಾರಿಗೂ ಗೊತ್ತಿರಲಿಲ್ಲ. ಅದು ಕಂಡದ್ದು 1880ರಲ್ಲಿ. ಅವನು ಬರೆದದ್ದು ಬಿಟ್ಟುಬಿಟ್ಟು ಬರುವ ಚಳಿ, ಜ್ವರದ ಬಗ್ಗೆ. ಅದಕ್ಕೆ ‘ಚಳಿಜ್ವರ’, 1967ರ ನಂತರದ ಕಥೆಗೆ ‘ಮಲೇರಿಯಾ’ ಎಂದು ಬೇರೆ ಬೇರೆ ಇಟ್ಟಿದ್ದೇನೆ.

ನಾಟಿ ವೈದ್ಯರ ಒಡನಾಟ ಇರುವವರು ದಯವಿಟ್ಟು ತಿಳಿಸಿ. ಸೊಪ್ಪನ್ನು ತಣ್ಣೀರಿನಲ್ಲಿ ನೆನೆಹಾಕಿ ಹಿಂಡಿ ಕೊಡುವ ಮದ್ದಿಗೆ ನಿಮ್ಮ ಕಡೆ ಏನನ್ನುತ್ತಾರೆ? ಮಲೆನಾಡು, ಕರಾವಳಿ, ಬಯಲುಸೀಮೆ, ಯಾವ ಕಡೆಯದ್ದಾದರೂ ಸರಿ. ಯಾವ ಊರಿನ ಮಾತು ಎಂದು ಜೊತೆಗೆ ಬರೆಯಿರಿ.