ಪ್ರೊಜೆಕ್ಷನ್ ಲೂಪ್ ಸುತ್ತುತ್ತಲೇ ಇದೆ, ಗೊಬ್ಬರದ ಲೆಕ್ಕ ಕೂಡುತ್ತಿಲ್ಲ

ಕಾಫಿಹೂವು (ಸೋಮವಾರಪೇಟೆ):
ನಮಸ್ಕಾರ. ನಮ್ಮ ಕಾಫಿ ತೋಟಕ್ಕೆ ಯೂರಿಯಾ, ಡಿಎಪಿ, ಪೊಟ್ಯಾಷ್ ಎಷ್ಟೆಷ್ಟು ಬೇಕು ಅಂತ ಪೈಥಾನ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಎಕರೆಗೆ ಕನಿಷ್ಠ 40 ಕೆ.ಜಿ. ಸಾರಜನಕ, 30 ರಂಜಕ, 40 ಪೊಟ್ಯಾಷ್ ಅಂಶ ಸಿಗಬೇಕು. ಒಟ್ಟು ಗೊಬ್ಬರ 180 ಕೆ.ಜಿ. ದಾಟಬಾರದು. ಇಳಿಜಾರು ತೋಟ, ಕೆಲಸದವರು ಹೊತ್ತು ಹಾಕಬೇಕು. ಮೂರು ಗೊಬ್ಬರಗಳ ಪ್ರಮಾಣವನ್ನು ಒಂದು ಬಿಂದು ಅಂತ ಇಟ್ಟುಕೊಂಡು ಒಂದಾದ ಮೇಲೊಂದು ಷರತ್ತಿನ ಮೇಲೆ ಪ್ರೊಜೆಕ್ಟ್ ಮಾಡುತ್ತಿದ್ದೇನೆ, ಅಂದರೆ ಆ ಷರತ್ತಿಗೆ ಒಪ್ಪುವ ಅತಿ ಹತ್ತಿರದ ಬಿಂದುವಿಗೆ ಸರಿಸುತ್ತಿದ್ದೇನೆ. ಸುತ್ತು ಎಷ್ಟು ಹೆಚ್ಚಿಸಿದರೂ ಅವೇ ಬಿಂದುಗಳು ತಿರುಗಿ ಬರುತ್ತಿವೆ. ಸೂತ್ರ ತಪ್ಪಾ?

ಲೆಕ್ಕದಪುಸ್ತಕ (ವಿರಾಜಪೇಟೆ):
ಸೂತ್ರ ಮುಟ್ಟಬೇಡಿ. ಮೊದಲು ಕೈಲೆಕ್ಕ ಮಾಡೋಣ. ಡಿಎಪಿಯಲ್ಲಿ 46% ರಂಜಕ, 18% ಸಾರಜನಕ. 30 ಕೆ.ಜಿ. ರಂಜಕಕ್ಕೆ 65 ಕೆ.ಜಿ. ಡಿಎಪಿ ಬೇಕೇ ಬೇಕು. ಅದರಲ್ಲೇ ಸುಮಾರು 12 ಕೆ.ಜಿ. ಸಾರಜನಕ ಬಂತು. ಉಳಿದದ್ದಕ್ಕೆ 46% ಇರುವ ಯೂರಿಯಾ 61 ಕೆ.ಜಿ. ಪೊಟ್ಯಾಷ್ ಗೊಬ್ಬರದಲ್ಲಿ ಆ ಅಂಶ 60%, ಅದು 67 ಕೆ.ಜಿ. ಕೂಡಿದರೆ 193. ನಿಮ್ಮ ಮಿತಿ 180. ಎಲ್ಲ ಷರತ್ತಿಗೂ ಒಪ್ಪುವ ಬಿಂದುವೇ ಇಲ್ಲ ಅಲ್ವಾ?

ಇಂಥ ಕಡೆ ಸರದಿ ಪ್ರೊಜೆಕ್ಷನ್ ಒಂದು ಚಕ್ರಕ್ಕೆ ಬಿದ್ದು ಅಲ್ಲೇ ಸುತ್ತುತ್ತದೆ. ಪ್ರತಿ ಸುತ್ತಿನ ಕೊನೆಗೆ ಯಾವ ಷರತ್ತು ಎಷ್ಟು ಮುರಿದಿದೆ ಅಂತ ಪ್ರಿಂಟ್ ಮಾಡಿ. ಆ ಕೊರತೆ ಸೊನ್ನೆಯ ಕಡೆ ಇಳಿಯುತ್ತಲೇ ಇದ್ದರೆ ಉತ್ತರ ಇದೆ, ತಡವಾಗುತ್ತಿದೆ ಅಷ್ಟೇ. ಎರಡು ಷರತ್ತುಗಳ ಗಡಿಗಳ ನಡುವಿನ ಕೋನ ತೀರಾ ಕಿರಿದಾದಾಗ ಹಾಗಾಗುತ್ತದೆ. ಸೊನ್ನೆಗಿಂತ ಮೇಲೆಯೇ ನಿಂತುಬಿಟ್ಟರೆ ಷರತ್ತುಗಳೇ ಒಂದಕ್ಕೊಂದು ಒಪ್ಪುತ್ತಿಲ್ಲ.

ರಾಜಿ ಉತ್ತರ ಸಾಕು ಅಂದರೆ ಸರದಿ ಬಿಡಿ. ಒಂದೇ ಬಿಂದುವಿನಿಂದ ಎಲ್ಲ ಷರತ್ತುಗಳ ಮೇಲೂ ಪ್ರೊಜೆಕ್ಟ್ ಮಾಡಿ, ಬಂದ ಬಿಂದುಗಳ ಸರಾಸರಿ ತೆಗೆದುಕೊಂಡು ಮುಂದುವರಿಯಿರಿ. 1938ರಲ್ಲಿ ಇಟಲಿಯ ಗಣಿತಜ್ಞ ಚಿಮ್ಮಿನೊ ಸಮೀಕರಣಗಳಿಗೆ ಕೊಟ್ಟ ದಾರಿಯ ಜಾಡು ಇದು. ಷರತ್ತುಗಳಿಂದ ಇರುವ ದೂರಗಳ ವರ್ಗಗಳ ಮೊತ್ತ ಅತಿ ಕಡಿಮೆ ಇರುವ ಕಡೆಗೆ ಇದು ಹೋಗುತ್ತದೆ. ಆದರೆ ಗಿಡಕ್ಕೆ ಬೇಕಾದದ್ದು ಸ್ವಲ್ಪ ಕಮ್ಮಿಯಾಗುತ್ತದೆ. ನನಗದು ಇಷ್ಟವಿಲ್ಲ.

ಒಂದು ಮಾತು ಕೇಳಲಾ? 180 ಅನ್ನುವುದು ಇಡೀ ವರ್ಷಕ್ಕಾ, ಒಂದು ಸಲಕ್ಕಾ?

ಕಾಫಿಹೂವು:
ಒಂದು ಸಲಕ್ಕೆ ಹೊರಬಹುದಾದದ್ದು ಸರ್.

ಲೆಕ್ಕದಪುಸ್ತಕ:
ಹಾಗಾದರೆ ದಾರಿ ಸುಲಭ. ನಮ್ಮ ಮಳೆಗೆ ಪೂರ್ತಿ ಗೊಬ್ಬರ ಒಂದೇ ಸಲ ಸುರಿದರೆ ಕೊಚ್ಚಿಹೋಗುತ್ತದೆ. ಮಳೆಗೆ ಮುಂಚೆ ಅರ್ಧ, ಮಳೆ ಮುಗಿದ ಮೇಲೆ ಅರ್ಧ ಅಂತ ಬರೆಯಿರಿ. ಒಂದು ಕಂತಿಗೆ 97 ಕೆ.ಜಿ. ಸಾಕು, ಮಿತಿಯೊಳಗೇ ಇದೆ.

ಕಾಫಿಹೂವು:
ಗುರಿ ಅರ್ಧ ಮಾಡಿದೆ, ಕೊರತೆ ಬೇಗನೆ ಸೊನ್ನೆಗೆ ಇಳಿಯಿತು. ತುಂಬಾ ಥ್ಯಾಂಕ್ಸ್ ಸರ್. ಇದೇ ಕಡಿಮೆ ಖರ್ಚಿನ ಉತ್ತರವೂ ಹೌದಾ?

ಲೆಕ್ಕದಪುಸ್ತಕ:
ಹಾಗೇನೂ ಇಲ್ಲ. ಪ್ರೊಜೆಕ್ಷನ್ ಷರತ್ತಿಗೆ ಒಪ್ಪುವ ಯಾವುದೋ ಒಂದು ಬಿಂದು ಕೊಡುತ್ತದೆ. ಖರ್ಚು ನೋಡಬೇಕಾದರೆ ಚೀಲದ ಬೆಲೆ ಸೇರಿಸಿ, ಷರತ್ತುಗಳೊಳಗೇ ಅತಿ ಕಡಿಮೆ ಖರ್ಚು ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಕೊಡಿ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿರುವ ಲಿನ್‌ಪ್ರೋಗ್ ಸಾಕು.