ಬರ್ಕ್ಲಿಯ ವಿದ್ಯಾರ್ಥಿ ಸಹಕಾರಿ ವಸತಿಯಲ್ಲಿ ಮಗಳು ಇರಬಹುದೇ?

ಪ್ರಶ್ನೆ (ಗದಗ ಜಿಲ್ಲೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ದೊರೆತಿದೆ. ಆ ಊರಿನ ಬಾಡಿಗೆಯನ್ನು ರೂಪಾಯಿಗೆ ಲೆಕ್ಕ ಹಾಕಿದ ದಿನದಿಂದ ನಮ್ಮ ಮನೆಯಲ್ಲಿ ಅದೇ ಮಾತು. ಅವಳು ಬರ್ಕ್ಲಿ ಸ್ಟೂಡೆಂಟ್ ಕೋಆಪರೇಟಿವ್ ಎಂಬ ಸಂಸ್ಥೆಯ ಮನೆಯೊಂದರಲ್ಲಿ ಇರಲು ಬಯಸಿದ್ದಾಳೆ. ಅಲ್ಲಿ ಬಾಡಿಗೆ ಕಡಿಮೆ, ಆದರೆ ಪ್ರತಿಯೊಬ್ಬರೂ ವಾರಕ್ಕೆ ಸುಮಾರು 5 ಗಂಟೆ ಮನೆಗೆಲಸ ಮಾಡಬೇಕಂತೆ.

ನಾನು ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. 1905ರಲ್ಲಿ ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡರು ಕಟ್ಟಿದ, ದೇಶದ ಮೊದಮೊದಲ ಸಹಕಾರ ಸಂಘದ ಕಥೆ ಕೇಳುತ್ತಲೇ ಬೆಳೆದೆ. ಆದ್ದರಿಂದ ಕೆಲಸದ ಬಗ್ಗೆ ನನಗೆ ಆಕ್ಷೇಪವಿಲ್ಲ, ಸಂದೇಹವಿರುವುದು ಸಂಘದ ಬಗ್ಗೆ. ನಮ್ಮ ಸಂಘಗಳ ಸದಸ್ಯರು ಅದೇ ಊರಿನವರು, ಅವರ ಹೊಲ ಅಲ್ಲಿಯೇ ಇರುತ್ತದೆ. ವಿದ್ಯಾರ್ಥಿಗಳಾದರೋ ಎರಡು ಮೂರು ವರ್ಷಗಳಲ್ಲಿ ಊರು ಬಿಟ್ಟು ಹೋಗುವವರು. ಅಂಥವರ ಸಂಘ ನಿಲ್ಲುವುದು ಹೇಗೆ, ಆಸ್ತಿ ಯಾರದು? ನಾವು ಶಾಕಾಹಾರಿಗಳು ಎಂಬುದನ್ನೂ ತಿಳಿಸಬೇಕು.

ಉತ್ತರ 1 (ಹಿಂದೆ ಅಲ್ಲಿ ಸದಸ್ಯೆಯಾಗಿದ್ದವರು)

ಹಿರಿಯರಿಗೆ ನಮಸ್ಕಾರ. ತಾವು ಕೇಳಿರುವುದು ಮೂಲದ ಪ್ರಶ್ನೆ. ನಾನು ಸದಸ್ಯೆಯಾದ ಮೇಲೂ ಅದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಈ ಸಂಸ್ಥೆ ಹುಟ್ಟಿದ್ದು 1933ರಲ್ಲಿ, ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಆವರಣದ ಪಕ್ಕದ ಸ್ಟೈಲ್ಸ್ ಹಾಲ್ ಎಂಬ ವಿದ್ಯಾರ್ಥಿ ಸೇವಾ ಕೇಂದ್ರದಲ್ಲಿದ್ದ ಹ್ಯಾರಿ ಕಿಂಗ್‌ಮನ್ ಅವರ ಪ್ರೋತ್ಸಾಹದಿಂದ 14 ವಿದ್ಯಾರ್ಥಿಗಳು ಒಟ್ಟಾಗಿ, ಅಡುಗೆಯನ್ನೂ ಕೆಲಸವನ್ನೂ ಹಂಚಿಕೊಂಡು ಒಂದೇ ಮನೆಯಲ್ಲಿ ಬಾಳತೊಡಗಿದರು. ಇಂದು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ಸಹಕಾರಿ ಅಂಗಡಿ ತೆರೆದು ಸಹಕಾರ ಚಳವಳಿಗೆ ದಾರಿ ತೋರಿದ ನೇಕಾರರ ಹೆಸರಿನಲ್ಲೇ ಇಲ್ಲಿಯ ಒಂದು ವಸತಿ ಸಮುಚ್ಚಯ ರಾಚ್‌ಡೇಲ್ ವಿಲೇಜ್ ಎನಿಸಿಕೊಂಡಿದೆ. ಸಹಕಾರಿಯಾದ ತಮಗೆ ಅವರ ಪರಿಚಯ ಹೇಳಬೇಕಾಗಿಲ್ಲ.

ಆಸ್ತಿಯ ವಿಷಯಕ್ಕೆ ಬರುತ್ತೇನೆ. ಸದಸ್ಯರ ಕೈಯಲ್ಲಿ ಮಾರಬಹುದಾದ ಷೇರು ಇರುವುದಿಲ್ಲ. ಕಟ್ಟಡಗಳು ಲಾಭರಹಿತ ಸಂಸ್ಥೆಯ ಹೆಸರಿನಲ್ಲಿರುತ್ತವೆ, ಕೆಲವು ವಿಶ್ವವಿದ್ಯಾಲಯದಿಂದ ಗುತ್ತಿಗೆಗೆ ಪಡೆದವು. ಹೋಗುವವರು ಏನನ್ನೂ ಕೊಂಡೊಯ್ಯಲಾರರು. ಮನೆಯ ಬೆಲೆ ಎಷ್ಟೇ ಏರಿದರೂ ಅದರ ಪ್ರಯೋಜನ ಮುಂದೆ ಬರುವವರಿಗೆ ಕಡಿಮೆ ಬಾಡಿಗೆಯಾಗಿ ಸಿಗುತ್ತದೆ. ಲೆಕ್ಕಪತ್ರ, ದುರಸ್ತಿ ಮುಂತಾದವುಗಳಿಗೆ ಕೇಂದ್ರ ಕಚೇರಿಯಲ್ಲಿ ಸಂಬಳದ ಸಿಬ್ಬಂದಿಯಿದ್ದಾರೆ. ಆದರೆ ಅವರ ಮೇಲಿನ ಆಡಳಿತ ಮಂಡಳಿಯಲ್ಲಿ ಪ್ರತಿ ಮನೆಯಿಂದ ಚುನಾಯಿತರಾದ ವಿದ್ಯಾರ್ಥಿಗಳೇ ಕೂರುತ್ತಾರೆ. ಬ್ಯಾರಿಂಗ್ಟನ್ ಹಾಲ್ ಎಂಬ ದೊಡ್ಡ ಮನೆ ಹತೋಟಿ ಮೀರಿದಾಗ ಅದನ್ನು ಮುಚ್ಚಬೇಕೆಂದು 1989ರಲ್ಲಿ ಮತ ಹಾಕಿದವರೂ ಸದಸ್ಯರೇ. ತಮ್ಮದೇ ಮನೆಯೊಂದನ್ನು ಕೈಬಿಡುವ ಧೈರ್ಯ ತೋರಿದ್ದರಿಂದ ಉಳಿದವು ಉಳಿದವೆಂದು ನನ್ನ ಬಲವಾದ ನಂಬಿಕೆ.

ಊಟದ ಚಿಂತೆ ಬೇಡ. ನಾನಿದ್ದ ಲೋತ್ಲೋರಿಯನ್ ಶಾಕಾಹಾರಿಗಳ ಮನೆ. ರಾತ್ರಿಯ ಅಡುಗೆ ಪಾಳಿಯವರದು. ಬೆಳಗಿನ ತಿಂಡಿಯನ್ನು ಉಗ್ರಾಣದ ಸಾಮಾನಿನಿಂದ ಅವರವರೇ ಮಾಡಿಕೊಳ್ಳಬೇಕು. ಐವತ್ತು ಜನರಿಗೆ ಸಾರು ಮಾಡಲು ಕಲಿತದ್ದು ನಾನು ಅಲ್ಲಿಯೇ. ಮೊದಲ ವಾರ ಹುಣಸೆಹಣ್ಣಿನ ಅಂದಾಜು ತಪ್ಪಿತ್ತು, ಆದರೂ ಪಾತ್ರೆ ಖಾಲಿಯಾಯಿತು.

ಉತ್ತರ 2

ಮೇಲಿನವರ ಮಾತಿಗೆ ನನ್ನ ವಿರೋಧವಿಲ್ಲ, ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ನಾನು ಇದ್ದದ್ದು ಬೇರೊಂದು ಊರಿನ ವಿದ್ಯಾರ್ಥಿ ಸಹಕಾರಿ ಮನೆಯಲ್ಲಿ. ನಲವತ್ತು ಜನರ ಮನೆಯಲ್ಲಿ ಪಾತ್ರೆಯ ಪಾಳಿಯವನೊಬ್ಬ ತಪ್ಪಿಸಿಕೊಂಡರೆ ಮರುದಿನ ಬೆಳಿಗ್ಗೆ ಚಹಾ ಕಾಯಿಸಲೂ ಪಾತ್ರೆ ಇರುವುದಿಲ್ಲ. ತಪ್ಪಿಸಿದವರಿಗೆ ದಂಡವೇನೋ ಇತ್ತು, ಆದರೆ ದಂಡ ಕಟ್ಟಿದ ಮಾತ್ರಕ್ಕೆ ಪಾತ್ರೆ ತೊಳೆದಂತಾಗಲಿಲ್ಲ. ಮನೆಯ ಸಭೆಯಲ್ಲಿ ಎದ್ದು ನಿಂತು ದೂರು ಹೇಳುವುದು ನಮ್ಮ ಸಂಕೋಚದ ಮಕ್ಕಳಿಗೆ ಮೊದಲಿಗೆ ಕಷ್ಟ. ನಾನು ಒಂದು ಇಡೀ ಸೆಮಿಸ್ಟರ್ ಬಾಯಿ ಬಿಡದೆ, ಇತರರು ಬಿಟ್ಟ ಕೆಲಸವನ್ನೂ ಮಾಡಿದೆ. ಅದು ತಪ್ಪೆಂದು ಈಗ ತಿಳಿದಿದೆ.

ಆದ್ದರಿಂದ ಸಂಸ್ಥೆಯನ್ನು ನೋಡಿದರೆ ಸಾಲದು, ಮನೆಯನ್ನು ನೋಡಬೇಕು. ಬರ್ಕ್ಲಿಯಲ್ಲಿಯೇ ಕ್ಲಾಯ್ನ್ ಕೋರ್ಟ್ ಎಂಬ ಹಳೆಯ ದೊಡ್ಡ ಮನೆಯಲ್ಲಿ ಮಾದಕ ವಸ್ತುಗಳಿಂದ ವಿದ್ಯಾರ್ಥಿಯೊಬ್ಬರಿಗೆ ತೀವ್ರ ಅನಾಹುತವಾಗಿ, ಕಡೆಗೆ 2014ರಲ್ಲಿ ಮಂಡಳಿಯು ಅದನ್ನು ಅಮಲು ಪದಾರ್ಥಗಳಿಗೆ ಅವಕಾಶವಿಲ್ಲದ, ಓದಿಗೆ ಆದ್ಯತೆಯ ಮನೆಯನ್ನಾಗಿ ಬದಲಾಯಿಸಿತು. ಹೆಣ್ಣುಮಕ್ಕಳಿಗೆಂದೇ ಇರುವ ಶರ್ಮನ್ ಹಾಲ್ ಇದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಹಿಲೆಗಾಸ್ ಪಾರ್ಕರ್ ಮನೆಯನ್ನೋ ಅಪಾರ್ಟ್‌ಮೆಂಟ್‌ಗಳನ್ನೋ ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸದಸ್ಯರು ಬದಲಾದರೂ ಆಸ್ತಿ ಬದಲಾಗದ ವ್ಯವಸ್ಥೆ ಎಂದು ತಿಳಿದು ನನ್ನ ಮುಖ್ಯ ಸಂದೇಹ ತೀರಿತು. ಮಗಳಿಗೆ ಎರಡೂ ಉತ್ತರಗಳನ್ನು ಓದಿ ಹೇಳಿದೆ. ಸಭೆಯಲ್ಲಿ ಮಾತನಾಡುವುದು ಅವಳಿಗೆ ಕಷ್ಟವಾಗಲಾರದು, ಒಂಟಿ ಕೋಣೆ ಸಿಗುತ್ತದೆಯೇ ಎಂಬುದಷ್ಟೇ ಅವಳ ಪ್ರಶ್ನೆ.

ಉತ್ತರ 1 ಬರೆದವರು

ಮೊದಲ ವರ್ಷ ಅದನ್ನು ನಿರೀಕ್ಷಿಸದಿರುವುದು ಒಳ್ಳೆಯದು. ಕೋಣೆಗಳ ಹಂಚಿಕೆ ಹಿರಿತನದ ಮೇಲೆ ನಡೆಯುವುದರಿಂದ ಹೊಸಬರು ಸಾಮಾನ್ಯವಾಗಿ ಇನ್ನೊಬ್ಬರೊಡನೆ ಕೋಣೆ ಹಂಚಿಕೊಳ್ಳಬೇಕಾಗುತ್ತದೆ. ಅರ್ಜಿಯನ್ನು ಮಾತ್ರ ತಡಮಾಡದೆ ಈ ವಾರವೇ ಹಾಕಲು ಹೇಳಿರಿ.